ಬಾಣ ತರುವವರು

ಬಿಲ್ಲಿನ ಮೇಷ್ಟ್ರನ್ನು ಕರೆದುಕೊಂಡು ಬರುವ ಮೊದಲು ಗುಬ್ಬಿ ಮನೆಯಲ್ಲಿ ಯಾರನ್ನೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅದು ಗೊತ್ತಿದ್ದೇ ಕೇಳಲಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಗಂಡನ ಮನೆ ಮೂರನೇ ಮಹಡಿಯಲ್ಲಿತ್ತು, ಆ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇರಲಿಲ್ಲ. ಭಾನುವಾರ ಮಧ್ಯಾಹ್ನ ಮೇಷ್ಟ್ರು ತಿರುವು ತಿರುವಿಗೂ ಕೂತು, ಎದ್ದು, ಮೇಲೆ ಬರುವಷ್ಟರಲ್ಲಿ ಒಲೆಯ ಮೇಲಿಟ್ಟಿದ್ದ ಆಲೂಗಡ್ಡೆ ಬೆಂದು ಕರಗಿಹೋಗಿತ್ತು.

ಅತ್ತೆ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದರು. ಒಂದು ತಗಡಿನ ಪೆಟ್ಟಿಗೆ, ಹಳೇ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟು, ಅವೆರಡನ್ನೂ ಹೊತ್ತ ಸೊಸೆ, ಅವಳ ಹಿಂದೆ ಊರುಗೋಲಿನ ಮುದುಕ.

"ಯಾರೇ ಇವರು?"

"ನಂಗೆ ಬಿಲ್ಲು ಹಿಡಿಯೋದು ಕಲಿಸಿದವರು ಅತ್ತೆ. ಆರು ವಾರ ಇರ್ತಾರೆ."

"ಆರು ದಿನ ಅಂದ್ಯಾ?"

"ಆರು ವಾರ. ಆಮೇಲೆ ವೃದ್ಧಾಶ್ರಮದಲ್ಲಿ ಹಾಸಿಗೆ ಖಾಲಿ ಆಗತ್ತೆ."

ಅತ್ತೆ ಮುದುಕನ ಮುಖ ನೋಡಿದರು, ಗಂಟು ನೋಡಿದರು. "ಬನ್ನಿ, ಒಳಗೆ ಬನ್ನಿ" ಎಂದು ಬಾಯಲ್ಲಿ ಹೇಳಿ, ಸೌಟನ್ನು ಪಾತ್ರೆಗೆ ಹಾಕಿದ ಸದ್ದಿನಲ್ಲಿ ಉಳಿದದ್ದನ್ನೆಲ್ಲ ಹೇಳಿಬಿಟ್ಟರು.

ಮೇಷ್ಟ್ರಿಗೆ ಕೊಟ್ಟಿದ್ದು ಮಗಳು ಪುಟ್ಟಿಯ ಕೋಣೆ. ಪುಟ್ಟಿಗೆ ಹದಿನೇಳು; ಅಪ್ಪನ ಎತ್ತರ, ಅಜ್ಜಿಯ ನಾಲಗೆ. "ನಂಗೆ ಪರೀಕ್ಷೆ ಇದೆ ಅಂತ ಈ ಮನೇಲಿ ಯಾರಿಗಾದ್ರೂ ಗೊತ್ತಾ?" ಎಂದು ಕೇಳಿ, ಪುಸ್ತಕಗಳನ್ನು ಹೊತ್ತುಕೊಂಡು ಅಜ್ಜಿಯ ಮಂಚಕ್ಕೆ ಹೋದಳು. ಗಂಡ ಮಾತ್ರ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಮೇಷ್ಟ್ರು ಇರೋದು ಒಳ್ಳೇದೇ. ಅಮ್ಮ ಹೇಳೋದೂ ಸರಿನೇ."

"ಅಮ್ಮ ಇನ್ನೂ ಏನೂ ಹೇಳಿಲ್ಲ ಕಣ್ರೀ."

"ಹೇಳ್ತಾಳಲ್ಲ."

ಹೇಳಿದರು. ಊಟಕ್ಕೆ ಕೂತಾಗಲೇ ಶುರುವಾಯಿತು. "ನಿನಗೆ ಏನಾಗಬೇಕು ಇವರು? ಚಿಕ್ಕಪ್ಪನಾ? ಮಾವನಾ?" ಮೇಷ್ಟ್ರು ಅಲ್ಲೇ ಕೂತು ನಡುಗುವ ಕೈಯಲ್ಲಿ ಮೊಟ್ಟೆ ಸುಲಿಯುತ್ತಿದ್ದರು. ಸಿಪ್ಪೆ ತಟ್ಟೆಗಿಂತ ಹೆಚ್ಚು ಮಡಿಲಿಗೇ ಬೀಳುತ್ತಿತ್ತು. "ಏನೂ ಆಗಬೇಕಿಲ್ಲ ಅಮ್ಮಾ," ಎಂದರು ಅವರೇ. "ನಮ್ಮ ಬಾಣಗಳನ್ನ ತಂದುಕೊಡ್ತಿದ್ದ ಹುಡುಗಿ, ಅಷ್ಟೇ."

ಏನೂ ಆಗಬೇಕಿಲ್ಲ ಎಂದು ಅವರಂದರೂ ಗುಬ್ಬಿಗೆ ಅವರು ಆಗಬೇಕಾದದ್ದು ಬಹಳವಿತ್ತು. ಹದಿಮೂರು ವರ್ಷದವಳಿದ್ದಾಗ ಮರದ ಡಿಪೋದಲ್ಲಿ ಕೂಲಿ ಮಾಡುತ್ತಿದ್ದ ಅಪ್ಪನಿಗೆ ದಿನಾ ಊಟದ ಡಬ್ಬಿ ಒಯ್ಯುತ್ತಿದ್ದಳು. ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ಈ ಮೇಷ್ಟ್ರೂ ಅವರ ಅಕ್ಕನೂ ಬಿಲ್ಲುಗಾರಿಕೆ ಕಲಿಸುತ್ತಿದ್ದರು. ಮೇಷ್ಟ್ರು ಹೆಚ್ಚಾಗಿ ಬಿಲ್ಲು ಮಾಡುವವರು, ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ಅಕ್ಕ ಹೆಚ್ಚಾಗಿ ಕಲಿಸುವವರು. ಬೇಲಿಯಾಚೆ ದಿನಾ ಬಂದು ನಿಲ್ಲುತ್ತಿದ್ದ ಹುಡುಗಿಯನ್ನು ನೋಡಿ ದೊಡ್ಡಕ್ಕ ಒಂದು ದಿನ, "ಏ ಗುಬ್ಬಿ, ಒಳಗೆ ಬಾ, ಇದನ್ನ ಹಿಡಿ" ಎಂದರು. ಹೆಸರು ಅವತ್ತೇ ಅಂಟಿತು. ಅಲ್ಲಿ ತಪ್ಪು ಮಾಡಿದರೆ ಯಾರೂ ಬೈಯುತ್ತಿರಲಿಲ್ಲ. ಬಾಣ ಗೋಡೆಗೆ ಬಡಿಯಲಿ, ಕಾಲ ಬುಡಕ್ಕೆ ಬೀಳಲಿ, ದೊಡ್ಡಕ್ಕನ ಬಾಯಲ್ಲಿ ಒಂದೇ ಮಾತು: "ಇನ್ನೊಂದು ಸಲ." ಇಡೀ ದಿನದಲ್ಲಿ ಬೈಗುಳ ಕೇಳದ ಆ ಒಂದು ಗಂಟೆಗಾಗಿ ಗುಬ್ಬಿ ಉಳಿದ ಗಂಟೆಗಳನ್ನು ಸಹಿಸಿಕೊಂಡಿದ್ದಳು. ಬಿಲ್ಲಿನ ಮೇಲಿನ ಪ್ರೀತಿ ಆಮೇಲೆ ಬಂತು. ಬಂದದ್ದು ಹೋಗಲೇ ಇಲ್ಲ.

ಆ ಜಾಗಕ್ಕೊಂದು ಪದ್ಧತಿಯಿತ್ತು. ದೊಡ್ಡವರು ಬಿಟ್ಟ ಬಾಣವನ್ನು ಗುರಿಯಿಂದ ಕಿತ್ತು ತರುವವರು ಚಿಕ್ಕವರು. ಶಿಷ್ಯರು ತಮ್ಮದನ್ನೂ ತರಬೇಕು, ಗುರುಗಳದ್ದನ್ನೂ ತರಬೇಕು. ಶಿಷ್ಯರ ಕಲಿಕೆ ಮುಗಿದ ದಿನ ಮಾತ್ರ, ಒಂದೇ ಒಂದು ಸಲ, ಗುರುವೇ ನಡೆದುಹೋಗಿ ಶಿಷ್ಯರ ಬಾಣ ತಂದುಕೊಡುವುದು. "ನಿನ್ನ ಬಾಣ ನಾವು ತರೋ ದಿನ ಬರತ್ತೆ, ನೋಡ್ತಿರು" ಎನ್ನುತ್ತಿದ್ದರು ದೊಡ್ಡಕ್ಕ. ಆ ದಿನ ಬರುವ ಮೊದಲೇ, ಹತ್ತೊಂಬತ್ತಕ್ಕೆ, ಗುಬ್ಬಿಗೆ ಮದುವೆಯಾಯಿತು.

ಈ ಕತೆಯನ್ನು ಅವಳು ಹೇಳಿದಾಗ ಅತ್ತೆ ಮೂಗು ಮುರಿದರು. "ಓಹೋ, ಎತ್ತಿ ತರೋ ಕೆಲಸ ಅಲ್ಲೇ ಕಲಿತು ಬಂದದ್ದಾ? ಹಾಗಾದ್ರೆ ನಾನು ಕಲಿಸಿದ್ದಲ್ಲ ಬಿಡು."

ಹೋದ ತಿಂಗಳು ದೊಡ್ಡಕ್ಕ ತೀರಿಕೊಂಡಿದ್ದರು. ಮಾತಾಡಿಸಲೆಂದು ಹೋದ ಗುಬ್ಬಿ ಕಂಡದ್ದು ಒಣ ಬ್ರೆಡ್ಡನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದ ಮೇಷ್ಟ್ರನ್ನು. ಕೆಲಸದ ಶೆಡ್ಡನ್ನು ಮೇಷ್ಟ್ರ ಅಣ್ಣನ ಮಗ ಆಗಲೇ ಬೇರೆಯವರಿಗೆ ವಹಿಸಿದ್ದ. ಗುಬ್ಬಿಯ ಬಾಯಿಂದ "ನಮ್ಮನೆಗೆ ಬನ್ನಿ" ಎಂದು ಬಂದುಬಿಟ್ಟಿತು.

ಬಾಯಿಂದ ಬಂದದ್ದನ್ನು ಕೈ ಮಾಡಬೇಕಲ್ಲ. ಗುಬ್ಬಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಗಿನ ಆರಕ್ಕೆ ಹೋದರೆ ಮಧ್ಯಾಹ್ನ ಎರಡರವರೆಗೆ ಒದ್ದೆ ಹೊದಿಕೆಗಳನ್ನು ಯಂತ್ರದಿಂದ ಎಳೆಯುವುದು, ಕೊಡವುವುದು, ಮಡಚುವುದು. ಹದಿನಾಲ್ಕು ವರ್ಷದಲ್ಲಿ ಬಲ ಭುಜ ಸವೆದುಹೋಗಿ, ಕೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ತಲೆ ಬಾಚುವಾಗ ಕೈ ಮೇಲೆ ಹೋಗುವ ಬದಲು ತಲೆಯೇ ಕೆಳಗೆ ಬರಬೇಕು. ಮನೆಗೆ ಬಂದು ಈಗ ಮೇಷ್ಟ್ರ ಸ್ನಾನದ ನೀರು, ಮೇಷ್ಟ್ರ ಬಟ್ಟೆ, ಮೇಷ್ಟ್ರು ಚೆಲ್ಲಿದ ಟೀ. ಎರಡನೇ ವಾರದಲ್ಲೇ ಊಟದ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುವುದು ರೂಢಿಯಾಯಿತು. ಒಂದು ಮಧ್ಯಾಹ್ನ ಎದ್ದಾಗ ತೋಳಿನ ಮೇಲೆ ಗಂಟು ಹಾಕಿದ ಕೆಂಪು ದಾರವೊಂದು ಇತ್ತು. ಅತ್ತೆ ಮೂವತ್ತು ವರ್ಷ ಟೈಲರ್ ಅಂಗಡಿಯಲ್ಲಿ ಹರಿದ ಬಟ್ಟೆಗೆ ರಫು ಹಾಕಿದವರು, ಮನೆಯೆಲ್ಲ ಅವರದೇ ದಾರ. ಗುಬ್ಬಿ ಕೊಡವಿ ಎದ್ದಳು.

ಕಂಬಳಿಯ ಗಂಟಿನಲ್ಲಿದ್ದದ್ದು ದೊಡ್ಡಕ್ಕ ಅರ್ಧ ಕೆತ್ತಿ ಬಿಟ್ಟಿದ್ದ ಬಿಲ್ಲಿನ ಮರ. ಆಶ್ರಮದಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ, ಕತ್ತಿ ಹಿಡಿಯಲು ಬಿಡುವುದಿಲ್ಲ, ಹೋಗುವ ಮೊದಲು ಇದನ್ನು ಮುಗಿಸಬೇಕು ಎಂದರು ಮೇಷ್ಟ್ರು. ಅವರಿಗೆ ಬೇರೆ ಏನೂ ಬೇಕಿರಲಿಲ್ಲ. ಬಾಲ್ಕನಿಯಲ್ಲಿ ಕೂತು, ಪಾಪ, ಒಂದು ಗಂಟೆಗೆ ಒಂದು ಹಿಡಿ ಹೆರೆ ತೆಗೆಯುತ್ತಿದ್ದರು.

"ಯಾರಿಗೆ ಮೇಷ್ಟ್ರೇ ಈ ಬಿಲ್ಲು?" ಎಂದು ಗಂಡ ಕೇಳಿದಾಗ ಅವರು ಬಾಯಿ ತೆರೆಯುವ ಮೊದಲೇ ಗುಬ್ಬಿ, "ಪುಟ್ಟಿಗೆ" ಎಂದಳು. ಮೊಮ್ಮಗಳಿಗೆ ಅಂದರೆ ಅತ್ತೆ ಸುಮ್ಮನಾಗುತ್ತಾರೆ ಎಂಬ ಲೆಕ್ಕ ಅವಳದು. ತನಗೆ ಸಿಕ್ಕಿದ್ದು ಮಗಳಿಗೂ ಸಿಗಲಿ, ಅದೇ ತಾನು ಸಲ್ಲಿಸುವ ಕೃತಜ್ಞತೆ ಎಂಬ ನಂಬಿಕೆಯೂ ಇತ್ತು. ಮೇಷ್ಟ್ರು ಏನೋ ಹೇಳಲು ಹೊರಟವರು ಹೆರೆಯುವುದನ್ನು ಮುಂದುವರಿಸಿದರು.

"ನಾನು ಕೇಳಿದ್ನಾ?" ಎಂದಳು ಪುಟ್ಟಿ. "ನನ್ನ ಕೋಣೆ ಕಿತ್ಕೊಂಡು, ಬದಲಿಗೆ ಕೋಲು ಕೊಡ್ತೀರಾ?"

"ಕೋಲಲ್ಲ ಅದು!"

"ಸರಿ ಅಮ್ಮ, ಬಗ್ಗಿರೋ ಕೋಲು."

ಮರ ಆಯಿತು, ಸರೇಸಿನ ಸರದಿ ಬಂತು. ಬಡಗಿಗಳು ಬಳಸುವ ಆ ಅಂಟನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ದನದ ಕಾಲಿನ ಒಣಗಿದ ನರವನ್ನು ಕುಟ್ಟಿ ಕೂದಲಿನಂತೆ ಬಾಚಿ, ಅಂಟಿನಲ್ಲಿ ಅದ್ದಿ ಬಿಲ್ಲಿನ ಬೆನ್ನಿಗೆ ಎಳೆ ಎಳೆಯಾಗಿ ಕೂರಿಸಬೇಕು. ವಾಸನೆ ಮೂರೂ ಮಹಡಿಗೆ ಹೋಯಿತು. ಕೆಳಮನೆಯವರು ಬಂದು ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು. ಅತ್ತೆಗೆ ವಾಸನೆಗಿಂತ ಹೆಚ್ಚು ನೋವಾದದ್ದು ಪಾತ್ರೆಯ ವಿಷಯದಲ್ಲಿ.

"ಹಾಲಿನ ಪಾತ್ರೆ ಕಣೇ! ನನ್ನ ಹಾಲಿನ ಪಾತ್ರೆ!"

"ಹೊಸದು ತರ್ತೀನಿ ಅತ್ತೆ."

"ಹೊಸದು ಯಾರಿಗೆ ಬೇಕು? ಅದರಲ್ಲೇ ನಿನ್ನ ಗಂಡನಿಗೆ ಹಾಲು ಕಾಯಿಸಿ ಕೊಟ್ಟಿದ್ದೀನಿ. ಈಗ ಅದರಲ್ಲಿ ದನದ ನರ!"

ಮೇಷ್ಟ್ರು ಮೆಲ್ಲಗೆ, "ನರಕ್ಕೆ ಬೇರೆ ಪಾತ್ರೆ ಅಮ್ಮಾ. ಇದರಲ್ಲಿ ಬರೀ ಅಂಟು" ಎಂದರು. ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಅವಳ ಬೆನ್ನಿಗೊಂದು ಬಿಟ್ಟರು.

ಹತ್ತು ದಿನ ಹಿಡಿಯಿತು ಆ ಕೆಲಸ. ಆಮೇಲೆ ಬಿಲ್ಲನ್ನು ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಬಗ್ಗಿಸಿ, ಹಗ್ಗದಲ್ಲಿ ಬಿಗಿದು, ಅಡುಗೆಮನೆಯ ಅಟ್ಟದ ಮೇಲೆ ಒಣಗಲು ಇಟ್ಟರು. ನರ ಒಣಗುತ್ತಾ ಮರವನ್ನು ಇನ್ನೂ ಹಿಂದಕ್ಕೆ ಎಳೆಯುತ್ತದೆ, ಬಿಲ್ಲಿನ ಬಲವೆಲ್ಲ ಅದರಲ್ಲೇ. ಇದನ್ನು ಮೇಷ್ಟ್ರು ಗುಬ್ಬಿಗೆ ಹೇಳಿದ್ದರು. ಗುಬ್ಬಿ ಅತ್ತೆಗೆ ಹೇಳಲು ಮರೆತಳು.

ಎರಡು ದಿನದ ಮೇಲೆ ಅವಳು ಕೆಲಸ ಮುಗಿಸಿ ಬಂದರೆ, ಬಿಲ್ಲು ಅಡುಗೆಮನೆಯ ಕಟ್ಟೆಯ ಮೇಲೆ ನೆಟ್ಟಗೆ ಮಲಗಿತ್ತು. ಹಗ್ಗ ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ಬೆನ್ನಿನ ಮೇಲಿನ ನರ ಅಲ್ಲಲ್ಲಿ ಎದ್ದು ಹಪ್ಪಳದಂತೆ ಉಬ್ಬಿತ್ತು.

"ಯಾರೋ ಉಲ್ಟಾ ಬಗ್ಗಿಸಿ ಕಟ್ಟಿದ್ರು," ಎಂದರು ಅತ್ತೆ, ಒಂದು ಉಪಕಾರ ಮಾಡಿದ ದನಿಯಲ್ಲಿ. "ಮೇಷ್ಟ್ರ ಕೈ ನಡುಗತ್ತಲ್ಲ, ತಪ್ಪಿರಬೇಕು ಅಂದ್ಕೊಂಡೆ. ಅವರು ಮಲಗಿದ್ರು, ನಾನೇ ಬಿಚ್ಚಿ, ಮೇಲೆ ಮಣೆ ಹೇರಿ ನೇರ ಮಾಡಿದೆ."

ಹತ್ತೊಂಬತ್ತು ವರ್ಷದಲ್ಲಿ ಗುಬ್ಬಿ ಅತ್ತೆಗೆ ಎದುರು ದನಿ ಎತ್ತಿದವಳಲ್ಲ. ಅವತ್ತು ಚೀಲ ನೆಲಕ್ಕೆ ಎಸೆದಳು.

"ಈ ಮನೇಲಿ ನಂದು ಅಂತ ಒಂದೇ ಒಂದು ಇತ್ತು! ಅದನ್ನೂ ಬಿಚ್ಚಿ ಹಾಕಿದ್ರಾ?"

"ಏನಂದೆ? ನಿಂದಾ? ಮನೆ ನಂದು, ಒಲೆ ನಂದು, ಪಾತ್ರೆ ನಂದು..."

"ಹೌದು ಅತ್ತೆ, ಎಲ್ಲಾ ನಿಮ್ದೇ! ನಾನು ಬರೀ ತೊಳೆಯೋಳು, ಎತ್ತಿ ಇಡೋಳು, ತಂದು ಕೊಡೋಳು! ಸುಸ್ತಾಗಿದೆ ನಂಗೆ, ಕೇಳಿಸ್ತಾ? ಸುಸ್ತಾಗಿದೆ!"

"ನಂಗೆ ಆಗಲ್ವಾ? ಮೂವತ್ತು ವರ್ಷ ಸೂಜಿ ಹಿಡಿದು ಕಣ್ಣು ಕಳ್ಕೊಂಡೆ, ನಂಗ್ಯಾರು ಗುರುಗಳು ಬಂದ್ರು? ಯಾರು ಗುಬ್ಬಿ ಅಂದ್ರು?"

ಪುಟ್ಟಿ ಪುಸ್ತಕ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. "ನಂದು ಅಂದೆ ಅಮ್ಮ," ಎಂದಳು. "ನಂಗೆ ಅಂತ ಹೇಳ್ತಿದ್ದೆಯಲ್ಲ?"

ಗುಬ್ಬಿ ಎಸೆದ ಚೀಲವನ್ನು ಬಗ್ಗಿ ಎತ್ತಿಕೊಂಡಳು. ಆಗ ಕೋಣೆಯಿಂದ ಊರುಗೋಲು ಟಕ್ ಟಕ್ ಎಂದು ಬಂತು. ಮೇಷ್ಟ್ರು ಬಿಲ್ಲನ್ನು ಎತ್ತಿ, ಉಬ್ಬಿದ ಕಡೆ ಉಗುರಿನಿಂದ ತಟ್ಟಿ ಕಿವಿಗೊಟ್ಟರು.

"ಜಗಳ ಆಮೇಲೆ ಆಡಿ. ಅಂಟು ಇನ್ನೂ ಹಸಿ ಇದೆ, ನರ ಕಿತ್ತು ಮತ್ತೆ ಕೂರಿಸಬಹುದು. ಹೇಗಿದ್ರೂ ಇದು ಎದ್ದು ಬರ್ತಿತ್ತು ಅಮ್ಮಾ, ನಿಮ್ಮ ತಪ್ಪಿಲ್ಲ. ನನ್ನ ಕೈ ಸರಿಯಾಗಿ ಕೂರಿಸಿರಲಿಲ್ಲ." ತಮ್ಮ ಕೈಯನ್ನು ಮೇಜಿನ ಮೇಲಿಟ್ಟು ನೋಡಿದರು. ಅದು ಅಲ್ಲೂ ನಡುಗುತ್ತಿತ್ತು. "ನಿಮ್ಮ ಕೈ ನಡುಗಲ್ಲ ಅಲ್ವಾ?"

"ಯಾಕೆ ನಡುಗತ್ತೆ?" ಎಂದರು ಅತ್ತೆ, ಇನ್ನೂ ಏದುಸಿರು ಬಿಡುತ್ತಾ. "ರೇಷ್ಮೆಗೆ ರಫು ಹಾಕಿದ ಕೈ ಇದು. ಹಾಕಿದ್ದು ಎಲ್ಲಿ ಅಂತ ಬಟ್ಟೆಯವನಿಗೇ ಸಿಗ್ತಿರಲಿಲ್ಲ."

"ಹಾಗಾದ್ರೆ ಕೂತ್ಕೊಳ್ಳಿ."

ಅತ್ತೆ ಸುತ್ತ ನೋಡಿದರು, ಯಾರಾದರೂ ತಡೆಯಲಿ ಎಂಬಂತೆ. ಯಾರೂ ತಡೆಯಲಿಲ್ಲ. "ಪುಟ್ಟಿ, ಆ ಪಾತ್ರೆ ಕೊಡು," ಎಂದರು. "ಹೇಗೂ ಹಾಳಾಗಿದೆ."

ಮುಂದಿನ ಮೂರು ಬೆಳಗ್ಗೆ ಆ ಮನೆಯಲ್ಲಿ ಅಡುಗೆ ತಡವಾಯಿತು. ಮೇಷ್ಟ್ರು ಹೇಳುವುದು, ಅತ್ತೆ ಕೂರಿಸುವುದು. "ಎಳೆ ಮೇಲೆ ಎಳೆ ಬರಬಾರದು, ಪಕ್ಕಕ್ಕೆ." "ನಂಗೆ ಎಳೆ ಬಗ್ಗೆ ಹೇಳ್ಬೇಡಿ ಮೇಷ್ಟ್ರೇ." "ದಪ್ಪ ಆಯ್ತು." "ಆಗಿಲ್ಲ." "ಆಗಿದೆ ಅಮ್ಮಾ." "ನಿಮ್ಮ ಕಣ್ಣು ನೋಡಿಸ್ಕೊಳ್ಳಿ." ಗಂಡ ಒಂದು ದಿನ ಬೆಳಗಿನ ತಿಂಡಿಗೆ ತಾನೇ ಬ್ರೆಡ್ ಸುಟ್ಟ, ಸುಟ್ಟ ಅಂದರೆ ನಿಜವಾಗಿಯೂ ಸುಟ್ಟ. ಪುಟ್ಟಿ ನರ ಬಾಚುತ್ತಲೇ ಪಾಠ ಗಟ್ಟಿಯಾಗಿ ಓದಿದಳು. ಗುಬ್ಬಿ ಮಾತ್ರ ಆರಕ್ಕೆ ಲಾಂಡ್ರಿಯಲ್ಲಿದ್ದಳು. ಮನೆಗೆ ಬರುವಷ್ಟರಲ್ಲಿ ಎಲ್ಲ ಒರೆಸಿ ಮುಗಿದಿರುತ್ತಿತ್ತು, ಪಾತ್ರೆ ತೊಳೆಯುವುದೊಂದು ಅವಳಿಗೆ ಬಾಕಿ.

ಆರು ವಾರ ಮುಗಿಯಿತು. ಹಾಸಿಗೆ ಖಾಲಿಯಾಗಿದೆ ಎಂದು ಆಶ್ರಮದಿಂದ ಫೋನ್ ಬಂತು. ಊಟದ ಮೇಜಿನಲ್ಲಿ ಗಂಡ, "ಇನ್ನೊಂದೆರಡು ವಾರ..." ಎಂದ.

"ಹೇಳಿದ್ದು ಆರು ವಾರ," ಎಂದರು ಮೇಷ್ಟ್ರು. "ಹುಡುಗಿ ಕೋಣೆ ಹುಡುಗಿಗೆ ಬೇಕು."

ಗುಬ್ಬಿ ಇರಿ ಎನ್ನಲಿಲ್ಲ. ಎನ್ನಬೇಕೆಂದು ಬಾಯಿ ತೆರೆದಳು, ಸ್ನಾನದ ನೀರು, ಬಟ್ಟೆ, ಮೂರು ಮಹಡಿ, ಎಲ್ಲ ಕಣ್ಣೆದುರು ಬಂತು, ಬಾಯಿ ಮುಚ್ಚಿದಳು. ಅವರನ್ನು ಬಿಟ್ಟು ಬಂದ ಸಂಜೆ ಮನೆ ಹಗುರಾಗಿತ್ತು. ಆ ಹಗುರಕ್ಕೇ ಅವಳಿಗೆ ಅಳು ಬಂತು. ನಲ್ಲಿ ತಿರುಗಿಸಿ, ಪಾತ್ರೆಯ ಸದ್ದಿನಲ್ಲಿ ಅತ್ತಳು. ತನ್ನನ್ನು ಮನುಷ್ಯಳೆಂದು ಮೊದಲು ಕಂಡವರನ್ನು ಕಳಿಸಿ ನಿರಾಳವಾದೆನಲ್ಲ ಎಂಬ ನಾಚಿಕೆ ಬಹಳ ದಿನ ಬಿಡಲಿಲ್ಲ.

ಮತ್ತೆ ಉಲ್ಟಾ ಬಗ್ಗಿಸಿ ಕಟ್ಟಿ ಅಟ್ಟಕ್ಕೇರಿಸಿದ ಬಿಲ್ಲನ್ನು ಮೂರು ತಿಂಗಳು ಮುಟ್ಟಬಾರದು ಎಂದು ಮೇಷ್ಟ್ರು ಹೇಳಿ ಹೋಗಿದ್ದರು. ಅತ್ತೆ ಅದರ ಕಾವಲಿಗೆ ನಿಂತರು. ಅಟ್ಟದಿಂದ ಡಬ್ಬಿ ತೆಗೆಯಲು ಹೋದರೂ "ಹುಷಾರು!" ಎಂದು ಕೂಗು. ಗುಬ್ಬಿ ಎರಡು ಭಾನುವಾರ ಆಶ್ರಮಕ್ಕೆ ಹೋಗಿದ್ದಳು. ನಿಮ್ಮಿಂದ ನಾನು ಬದುಕಿದೆ ಎಂದು ಹೇಳಬೇಕು, ಒಂದು ಸಲವಾದರೂ ಬಾಯಿಬಿಟ್ಟು ಹೇಳಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋದಳು. ಎರಡು ಸಲವೂ ಅವರ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತವಳು ನಿದ್ದೆ ಹೋದಳು. ಎಚ್ಚರವಾದಾಗ ಭೇಟಿಯ ಸಮಯ ಮುಗಿದಿತ್ತು, ಅವರ ಶಾಲು ಅವಳ ಮೇಲಿತ್ತು.

ಕೊನೆಗೂ ಆ ದಿನ ಬಂತು. ಅತ್ತೆಯೇ ಹಗ್ಗ ಬಿಚ್ಚಿದರು. ಪೆಟ್ಟಿಗೆಯಲ್ಲಿ ಮೇಷ್ಟ್ರು ಇಟ್ಟುಹೋಗಿದ್ದ ಹೆದೆಯನ್ನು ಗಂಡ, ಹೆಂಡತಿ ಹೇಳಿದಂತೆ ಬಿಲ್ಲನ್ನು ಮಂಡಿಯ ಮೇಲೆ ಬಗ್ಗಿಸಿ, ಬೆವರುತ್ತಾ ಏರಿಸಿದ. ಪುಟ್ಟಿ ಪೆಟ್ಟಿಗೆಯಲ್ಲಿದ್ದ ಮೂರು ಬಾಣಗಳಲ್ಲಿ ಒಂದನ್ನು ತೆಗೆದು, ಹೂಡಿ, ಉದ್ದನೆಯ ತೋಳು ಚಾಚಿ ಎಳೆದಳು. ಅರ್ಧದಲ್ಲೇ ಬಾಣದ ಮೊನೆ ಬಿಲ್ಲಿನ ಒಳಗೆ ಬಂದುಬಿಟ್ಟಿತು.

"ನಿಲ್ಲಿಸು, ನಿಲ್ಲಿಸು! ಬೇರೆ ಬಾಣ ತಗೋ," ಎಂದಳು ಗುಬ್ಬಿ.

ಬೇರೆಯದೂ ಅಷ್ಟೇ. ಮೂರನ್ನೂ ಒಂದೇ ಅಳತೆಗೆ, ಪುಟ್ಟಿಯದಕ್ಕಿಂತ ಗಿಡ್ಡ ತೋಳಿಗೆ, ಕತ್ತರಿಸಲಾಗಿತ್ತು. ಪುಟ್ಟಿ ಬಿಲ್ಲನ್ನು ಅಮ್ಮನ ಕೈಗೆ ಕೊಟ್ಟಳು. "ನಂಗಲ್ಲ ಇದು. ನೀನು ಎಳಿ."

"ನನ್ನ ಭುಜ..."

"ಎಳಿ ಅಂದ್ರೆ."

ಗುಬ್ಬಿ ಎಳೆದಳು. ನೋವು ಈಗ ಬರುತ್ತದೆ, ಈಗ ಬರುತ್ತದೆ ಎಂದು ಹಲ್ಲು ಕಚ್ಚಿದಳು. ಕೈ ಹೆಗಲಿಗಿಂತ ಒಂದಿಷ್ಟೂ ಮೇಲೇಳದೆ, ಹೆದೆ ತುಟಿಯ ಮೂಲೆಗೆ ಬಂದು ನಿಂತಿತು. ಬಾಣದ ಮೊನೆ ಸರಿಯಾಗಿ ಬಿಲ್ಲಿನ ಅಂಚಿಗೆ. ನೋವು ಬರಲಿಲ್ಲ.

"ಸರಿ ಬಂತಾ?" ಎಂದರು ಅತ್ತೆ. "ಬರಲೇಬೇಕು. ಅಳತೆ ತೆಗೆದದ್ದು ನಾನು."

"ನೀವಾ?"

"ಮೇಜಿನ ಮೇಲೆ ಬಿದ್ದು ಗೊರಕೆ ಹೊಡೀತಿದ್ದೆ. ನಿನ್ನ ತೋಳಿನ ಉದ್ದ ಬೇಕು, ನನ್ನ ಕೈಲಿ ದಾರ ನಿಲ್ಲಲ್ಲ ಅಂತ ಮೇಷ್ಟ್ರು ಕೇಳಿದ್ರು. ಇದನ್ನ ಅವರಕ್ಕ ನಿನಗೋಸ್ಕರ ಕೆತ್ತೋಕೆ ಶುರು ಮಾಡಿದ್ದಂತೆ, ಹೇಳ್ಬೇಡಿ ಅಂದ್ರು. ಅವತ್ತು ಹಾಲಿನ ಪಾತ್ರೆಗೆ ಕೂಗಾಡಿದ್ದು ಬೇರೆ ವಿಷ್ಯ."

ಗುಬ್ಬಿ ಹೆದೆಯನ್ನು ಮೆಲ್ಲಗೆ ಸಡಿಲಿಸಿ, ಅಲ್ಲೇ ನೆಲದ ಮೇಲೆ ಕೂತಳು. ಗಂಡ ನೀರು ತಂದುಕೊಟ್ಟ.

ಮರುವಾರ ಆಶ್ರಮಕ್ಕೆ ಅತ್ತೆಯೂ ಹೊರಟರು. "ದಪ್ಪ ಆಗಿದೆ ಅಂದ್ರಲ್ಲ, ಆಗಿಲ್ಲ ಅಂತ ಅವರ ಬಾಯಲ್ಲೇ ಒಪ್ಪಿಸ್ತೀನಿ." ಆಶ್ರಮದ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಜಾಗದಾಚೆ, ಒಂದು ಹಳೇ ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದರು. ಮೇಷ್ಟ್ರು ಬಗ್ಗಿಹೋಗಿದ್ದರು, ಈಗ ಊರುಗೋಲಿನ ಬದಲು ನಾಲ್ಕು ಕಾಲಿನ ವಾಕರ್. ಬಿಲ್ಲಿನ ಬೆನ್ನನ್ನು ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಅತ್ತೆಯ ಕಡೆ ನೋಡಿ, "ದಪ್ಪ ಆಗಿಲ್ಲ" ಎಂದರು. ಅತ್ತೆ ಸೆರಗು ಸರಿಮಾಡಿಕೊಂಡರು.

ಹನ್ನೆರಡು ಹೆಜ್ಜೆ ದೂರದಿಂದ ಗುಬ್ಬಿ ಮೂರು ಬಾಣ ಬಿಟ್ಟಳು. ಒಂದು ಹಾಸಿಗೆಯ ನಡುವೆ ನಾಟಿತು, ಒಂದು ಅಂಚಿಗೆ, ಒಂದು ಗೋಡೆಗೆ ಬಡಿದು ಹುಲ್ಲಿನಲ್ಲಿ ಬಿತ್ತು. ಅಭ್ಯಾಸಬಲ, ಬಿಲ್ಲನ್ನು ಎಡಗೈಯಲ್ಲೇ ಹಿಡಿದು ಬಾಣ ತರಲು ಹೆಜ್ಜೆ ಇಟ್ಟಳು.

"ನಿಲ್ಲು," ಎಂದರು ಮೇಷ್ಟ್ರು.

ವಾಕರ್ ಹಿಡಿದು ಅವರೇ ಹೊರಟರು.

"ಮೇಷ್ಟ್ರೇ, ಬೇಡ, ನಾನೇ..."

"ಅಕ್ಕ ನಿನಗೆ ಮಾತು ಕೊಟ್ಟಿದ್ಲು. ನಿಲ್ಲು ಅಂದೆ."

ಹನ್ನೆರಡು ಹೆಜ್ಜೆಯ ದೂರ ಅವರಿಗೆ ನಲವತ್ತಾಯಿತು. ಗುಬ್ಬಿ ಎಣಿಸುತ್ತಾ ನಿಂತಳು. ತೊಳೆಯಲು ಏನೂ ಇರಲಿಲ್ಲ, ಎತ್ತಲು ಏನೂ ಇರಲಿಲ್ಲ, ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೂ ನೆನಪಿರಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವರು ಒಂದೊಂದೇ ಬಾಣ ಕಿತ್ತು, ಹುಲ್ಲಿನಲ್ಲಿ ಬಿದ್ದದ್ದನ್ನೂ ಬಗ್ಗಿ ಹುಡುಕಿ ತೆಗೆದು, ಮೂರನ್ನೂ ಕಂಕುಳಲ್ಲಿ ಇರುಕಿಸಿಕೊಂಡು ಮತ್ತೆ ನಲವತ್ತು ಹೆಜ್ಜೆ ನಡೆದು ಬಂದರು. ಅವಳ ಕೈಗೆ ಕೊಟ್ಟರು.

"ಮೇಷ್ಟ್ರೇ..." ಎಂದಳು ಗುಬ್ಬಿ.

"ಗೊತ್ತು," ಎಂದರು ಅವರು. ಕುರ್ಚಿಯಲ್ಲಿ ಕೂತು, ಉಸಿರು ಸುಧಾರಿಸಿಕೊಂಡರು. "ಇನ್ನೊಂದು ಸಲ."

ಅವಳು ಬಾಣ ಹೂಡಿದಳು. ಹಿಂದೆ ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುವ ಸದ್ದು ಕೇಳಿಸಿತು.

"ನೀನು ಅಲ್ಲೇ ನಿಂತಿರು ಗುಬ್ಬಿ," ಎಂದರು ಅತ್ತೆ. "ಈ ಸಲ ನಾನು ತರ್ತೀನಿ."